ಎಡಗಡೆ ಕನ್ನಡಿ

ಸಿಂಚನಾಳ ಇಂಗ್ಲಿಷ್ ಪಾಠದೊಳಗ ಒಂದು ಕುಟುಂಬ
ರಜಾಕ್ಕ ಹಳ್ಳಿಗೆ ಹೋಗತೈತಿ.
ಕಲ್ಲಿನ ಮನಿ, ಬಾಗಲಕ್ಕ ಹಬ್ಬಿದ ಗುಲಾಬಿ,
ಹಸರಂದ್ರ ಹಸರು ಗುಡ್ಡ,
ಅದರ ಮ್ಯಾಲ ಅರಳಿ ಚೆಲ್ಲಿದಂಗ ಕುರಿ.
ಹಳ್ಳದ ದಂಡಿಗೆ ಚೌಕಳಿ ಅರಿವಿ ಹಾಸಿ
ಬುಟ್ಟಿ ಬಿಚ್ಚಿ ಬ್ರೆಡ್ಡು ತಿಂತಾರ.
ಅಪ್ಪ ಕಾರು ನಡಸ್ತಾನ, ನಕ್ಕೋತ.
ಕಡೀಕ ಒಂದು ಪ್ರಶ್ನೆ:
ನೀವು ರಜಾಕ್ಕ ಎಲ್ಲಿಗೆ ಹೋಗಿದ್ರಿ? ಹತ್ತು ವಾಕ್ಯ ಬರೀರಿ.

ಆಕಿ ಪೆನ್ನಿನ ಟೋಪಿ ಕಡಕೋತ ಕುಂತಿದ್ಲು.
ಇವರು ವಸ್ತಿ ಡ್ಯೂಟಿ ಮುಗಿಸಿ ಬಂದು
ಖಾಕಿ ಅಂಗಿ ಮೊಳಿಗೆ ಸಿಗಿಸಿ
ಪಾಠ ಪೂರಾ ಓದಿಸಿ ಕೇಳಿದ್ರು. ಕೇಳಿ ಅಂದ್ರು:
"ನಾಳೆ ಐತವಾರ, ನನಗೂ ರಜಾ. ನಡೀರಿ."
ಎಲ್ಲಿಗೆ?
"ಮಾಗಡಿ ಕೆರಿಗೆ."
ಅಲ್ಲಿಗೆ ದಿನಾ ಹೋಗ್ತೀರಲ್ಲ?
"ದಿನಾ ಹಾಯ್ತೀನಿ," ಅಂದ್ರು.

ಗದಗ ಸ್ಟ್ಯಾಂಡಿನ್ಯಾಗ ಇವರದಽ ಗಾಡಿ, ಬ್ಯಾರೆ ಡ್ರೈವರ್.
ಕಂಡಕ್ಟರ್ ಮಾಬುಸಾಬ ನಮ್ಮ ಮೂರು ಹೆಣ್ಣು ಜೀವಕ್ಕ
ಸೊನ್ನಿ ಟಿಕೀಟು ಹರದು ಕೊಟ್ಟ. ಇವರದು ಪಾಸು.
ಓಂಕಾರಂದಷ್ಟ ಅರ್ಧ ಟಿಕೀಟು.
ಹೋಗಿ ಬರೂತನಕ ಅವಂದು ಒಂದಽ ಮಾತು:
"ರೊಕ್ಕಾ ಕೊಟ್ಟಾಂವ ನಾನೊಬ್ಬನ. ಕಿಡಕಿ ನಂದು."

ಇವರು ಮೂರನೇ ಸೀಟಿನ್ಯಾಗ ಕುಂತು
ತಿರುವು ಬಂದಲ್ಲೆಲ್ಲ ಬಲಗಾಲು ಒತ್ತತಿದ್ರು.
ಕೆಳಗ ಬರೇ ತಗಡು, ಟಣ್ ಅನ್ನೂದು.
ಅತ್ತಿ ದ್ಯಾಮಕ್ಕ ತಿರುಗಿ ನೋಡಿ,
"ಸುಮ್ನ ಕುಂದರೋ, ಅಂವಾ ಒಯ್ತಾನ."

ಕೆರಿ ಹತ್ರ ಇಳದ್ವಿ.
ಅವರಾತ್ರಿ ಅಮಾಸಿ ಮುಗದ ಚಳಿ, ಎಳಿ ಬಿಸಲು,
ನೀರ ತುಂಬ ಹೆಬ್ಬಾತು.
ಬಿಳಿ ತಲಿ ಹಿಂದ ಎರಡು ಕರಿ ಗೆರಿ,
ಯಾರೋ ಇದ್ದಲಿಲೆ ಎಳದು ಬಿಟ್ಟಂಗ.
ಕಾವಲುಗಾರ ಹೇಳಿದ:
ಹಿಮಾಲಯದ ಆಚೀಲಿಂದ ಬರತಾವು,
ರಾತ್ರಿ ಹೊಲಕ್ಕ ಹೋಗಿ ಮೇಯ್ತಾವು,
ಹಗಲೆಲ್ಲ ಇಲ್ಲಿ ಮಲಗತಾವು.
"ಹಂಗಾರ ನೈಟ್ ಡ್ಯೂಟಿ," ಅಂದ ಓಂಕಾರ.

ಇವರು ನಿಂತಽ ಇದ್ರು. ಭಾಳ ಹೊತ್ತಿನ ಮ್ಯಾಲ
ನನಗಲ್ಲ, ಯಾರಿಗೂ ಅಲ್ಲ ಅನ್ನೂವಂಗ ಅಂದ್ರು:
"ಹದಿನೇಳು ವರ್ಷ ಎಡಗಡೆ ಕನ್ನಡಿಯೊಳಗ
ಅಂಗೈಯಷ್ಟು ಬೆಳ್ಳಗ ಮಿಂಚಿ ಹೋಗತಿತ್ತು.
ಕೆರಿ ಅಷ್ಟಽ ಅಂತ ತಿಳಕೊಂಡಿದ್ದೆ."

ಚೌಕಳಿ ಅರಿವಿನಽ ಬೇಕು ಅಂತ ಸಿಂಚನಾ ಹಟ ಹಿಡದು
ಇವರ ಲುಂಗಿ ತಂದಿದ್ಲು.
ಜಾಲಿ ನೆರಳಿಗೆ ಮುಳ್ಳು ಆರಿಸಿ ಅದನ್ನ ಹಾಸಿದ್ವಿ.
ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ,
ಡಬ್ಬಿ ಮುಚ್ಚಳಕ್ಕ ಹತ್ತಿದ ಮೊಸರು.
ದ್ಯಾಮಕ್ಕ ಹಕ್ಕಿಗೆ ರೊಟ್ಟಿ ಚೂರು ಒಗಿಯಾಕ ಹೋಗಿ
ಕಾವಲುಗಾರನ ಕೂಡ ಜಗಳ ಮಾಡಿದ್ಲು.
"ಅಷ್ಟು ದೂರದಿಂದ ಬಂದಾವ, ಉಪಾಸ ಕಳಸ್ತೀರೇನು?"

ಉಂಡ ಮ್ಯಾಲ ಇವರು ಅದಽ ಲುಂಗಿ ಮ್ಯಾಲ ಮಗ್ಗಲಾದ್ರು.
ಹಗಲು ಮಲಗಿದ್ದು ನಾ ನೋಡಿದ್ದಿಲ್ಲ.
ಆಕಿ ಹಾಳ್ಯಾಗ ಬರಕೊಂಡು ಬಂದಿದ್ಲು:
ಲಕ್ಕುಂಡಿ ಬಾವಿ, ಡಂಬಳದ ಗುಡಿ,
ಕಪ್ಪತಗುಡ್ಡದ ಗಾಳಿ ಗಿರಕಿ.
ಹಾಳಿ ನಾಕು ಮಡಿಕಿ ಮಾಡಿ ಚಪ್ಪಲಿ ಕೆಳಗ ಇಟ್ಲು.
ಯಾರೂ ಎಬ್ಬಸಲಿಲ್ಲ.

ಮೂರರ ಗಾಡಿ ಹಾರ್ನ್ ಹೊಡಕೋತ ಹೋತು.
ನೀರಿನ ಮ್ಯಾಲ ಒಂದೆರಡು ಕುತ್ತಿಗಿ ಎದ್ದು
ಮತ್ತ ರೆಕ್ಕಿಯೊಳಗ ಹೊಕ್ಕವು.
ಇವರ ಬಲಗಾಲು ನಿದ್ದಿಯೊಳಗ ಒಮ್ಮೆ ಒತ್ತಿತು.
ಅಡ್ಡ ಯಾರು ಬಂದ್ರೋ.
ನಾ ಪಾದದ ಮ್ಯಾಲ ಕೈ ಇಟ್ಟೆ. ಕಾದಿತ್ತು.

ಹೊತ್ತು ಮುಳುಗೂ ಮುಂದ ಹಕ್ಕಿ ಎದ್ದು ಸಾಲು ಕಟ್ಟಿದವು.
ನಾವೂ ಎದ್ದು ರೋಡಿಗೆ ಬಂದು ನಿಂತ್ವಿ.

ಹೋಮ್‌ವರ್ಕ್ ವಾಪಸ್ ಬಂದೈತಿ. ಹತ್ತಕ್ಕ ಏಳು.
'ಲುಂಗಿ' ಅನ್ನೂ ಪದಕ್ಕ ಟೀಚರ್
ಕೆಂಪು ಸುತ್ತು ಹಾಕ್ಯಾರ.
ಸ್ಪೆಲ್ಲಿಂಗ್ ತಪ್ಪೋ, ಲುಂಗಿನಽ ತಪ್ಪೋ
ಆಕಿ ಕೇಳತಾಳ.
ನನಗೆಲ್ಲಿ ಗೊತ್ತು.
ಹಿತ್ತಲದಾಗ ಅದು ಒಣಗಾಕ ಹತ್ತೈತಿ,
ಒಂದು ಜಾಲಿ ಮುಳ್ಳು ಇನ್ನೂ ನಟ್ಟೈತಿ.